ಕುಮಾರಧಾರೆಯಿಂದ ಕಡಲಿಗೆ: ಕೊಯಿಲದ ದಾರಿಯಲ್ಲಿ ಟ್ರಯಾಥ್ಲಾನ್

ಟ್ರಯಾಥ್ಲಾನ್‌ನಲ್ಲಿ ಈಜು, ಸೈಕಲ್, ಓಟ ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ನಡುವೆ ಗಡಿಯಾರ ನಿಲ್ಲುವುದಿಲ್ಲ. ನೀರಿನಿಂದೆದ್ದು ಹೆಲ್ಮೆಟ್ ಕಟ್ಟಿಕೊಳ್ಳುವ ಹೊತ್ತು, ಸೈಕಲಿನಿಂದಿಳಿದು ಶೂ ಬದಲಿಸುವ ಹೊತ್ತು, ಎಲ್ಲವೂ ಒಟ್ಟು ಸಮಯಕ್ಕೇ ಸೇರುತ್ತದೆ. ಒಲಿಂಪಿಕ್ಸ್‌ನ ದೂರ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದರ ಅರ್ಧದ್ದು ಸ್ಪ್ರಿಂಟ್. ಐರನ್‌ಮ್ಯಾನ್ ಎಂಬುದು ಬೇರೆಯೇ ಲೋಕ: 3.8 ಕಿ.ಮೀ. ಈಜಿ, 180 ಕಿ.ಮೀ. ಪೆಡಲು ತುಳಿದು, ಆಮೇಲೆ ಪೂರ್ತಿ ಮ್ಯಾರಥಾನ್ ಓಡಬೇಕು. ಅದರ ಅರ್ಧಕ್ಕೆ ಮೈಲಿಗಳ ಮೊತ್ತವನ್ನೇ ಹೆಸರಾಗಿಟ್ಟು 70.3 ಎನ್ನುತ್ತಾರೆ.

ಈ ದೂರಗಳನ್ನು ದಕ್ಷಿಣ ಕನ್ನಡದ ನಕ್ಷೆಯ ಮೇಲೆ ಹಾಸಿ ನೋಡುವುದಾದರೆ ಕೊಯಿಲದಿಂದ ಹೊರಡುವುದು ಅನುಕೂಲ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಈ ಗ್ರಾಮ ಉಪ್ಪಿನಂಗಡಿಯಿಂದ ಕಡಬ, ಸುಬ್ರಹ್ಮಣ್ಯಗಳತ್ತ ಹೋಗುವ ಮಾರ್ಗದಲ್ಲಿದೆ. ಹೊರಗಿನವರಿಗೆ ಊರಿನ ಗುರುತು ಪಶುಸಂಗೋಪನೆ ಇಲಾಖೆಯ ಜಾನುವಾರು ಸಂವರ್ಧನಾ ಕೇಂದ್ರ. ಅಡಿಕೆ ತೋಟ, ರಬ್ಬರು ತೋಟಗಳ ಒತ್ತೊತ್ತು ಹಸಿರಿನ ನಡುವೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುವ ಬೋಳು ಗುಡ್ಡಗಳು, ಮಳೆ ಹಿಡಿದ ಮೇಲೆ ಅವುಗಳ ಮೈತುಂಬ ಹುಲ್ಲು. ಮಗ್ಗುಲಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥರು ಹುಟ್ಟಿದ ರಾಮಕುಂಜ. ಕುಮಾರಪರ್ವತದ ಮೈಯಿಂದಿಳಿದ ಕುಮಾರಧಾರೆ ಈ ಊರುಗಳ ಆಸುಪಾಸಿನಲ್ಲೇ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು, ಬಂಟ್ವಾಳವನ್ನೂ ತುಂಬೆಯ ಅಣೆಕಟ್ಟನ್ನೂ ದಾಟಿ ಮಂಗಳೂರಿನ ತೆಂಕು ಮಗ್ಗುಲಲ್ಲಿ ಕಡಲು ಸೇರುತ್ತದೆ. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಒಲಿಂಪಿಕ್ ದೂರದ ಸೈಕಲ್ ಭಾಗಕ್ಕೆ ಅಳೆದಿಟ್ಟಂತಿದೆ. ನೀರು, ಮಾರ್ಗ, ಗುಡ್ಡ ಮೂರೂ ಕೈಗೆಟುಕುವಷ್ಟು ಹತ್ತಿರ. ಆದರೆ ಅಭ್ಯಾಸಕ್ಕೆ ಅವು ಒದಗುವುದು ತಮ್ಮ ತಮ್ಮ ತಿಂಗಳಿನಲ್ಲಿ ಮಾತ್ರ. ಇಲ್ಲಿ ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂಬುದನ್ನು ಅಂಗಡಿಯ ಕ್ಯಾಟಲಾಗಿಗಿಂತ ಮೊದಲು ಮಳೆಗಾಲವೇ ತೀರ್ಮಾನಿಸಿರುತ್ತದೆ.

ಈ ಕ್ರೀಡೆಗೆ ವಯಸ್ಸು ಹೆಚ್ಚಿಲ್ಲ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೆಗೊ ನಗರದ ಮಿಷನ್ ಬೇಯಲ್ಲಿ ಒಂದು ಓಟಗಾರರ ಕ್ಲಬ್ಬು ವಾರದ ನಡುವಿನ ಸಂಜೆಯ ಮೋಜಿಗೆಂದು ಏರ್ಪಡಿಸಿದ ಪಂದ್ಯಕ್ಕೆ 46 ಮಂದಿ ಬಂದಿದ್ದರು. ಅಲ್ಲಿ ಓಟ ಮೊದಲು, ಈಜು ಕೊನೆ. ದಣಿದ ಮೈಯನ್ನು ನೀರಿಗಿಳಿಸುವುದು ಅಪಾಯವೆಂದು ಅನುಕ್ರಮ ಆಮೇಲೆ ತಿರುವುಮುರುವಾಯಿತು. ಹವಾಯಿಯಲ್ಲಿ 1978ರ ಫೆಬ್ರವರಿ 18ರಂದು ನಡೆದ ಮೊದಲ ಐರನ್‌ಮ್ಯಾನ್‌ಗೆ ಇಳಿದವರು 15, ಮುಗಿಸಿದವರು 12. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಟ್ರಯಾಥ್ಲಾನ್ ಸೇರಿತು. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಮೂರು ದಿನಗಳ ಅಲ್ಟ್ರಾಮ್ಯಾನ್ ಮುಗಿಸಿದಾಗ ಕರ್ನಾಟಕದಲ್ಲಿ ಆ ಹೆಸರು ಕೇಳಿದವರೇ ಕಡಿಮೆ. 2019ರ ಅಕ್ಟೋಬರ್ 20ರಂದು ಗೋವಾದಲ್ಲಿ ಐರನ್‌ಮ್ಯಾನ್ 70.3 ಶುರುವಾದ ಮೇಲೆ ಕರಾವಳಿಯವರಿಗೆ ಇದು ರಾತ್ರಿ ಹೊರಟರೆ ಬೆಳಗ್ಗೆ ತಲುಪುವಷ್ಟು ಹತ್ತಿರವಾಯಿತು. 2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಅಲ್ಲಿ ಸ್ಪರ್ಧೆ ಮುಗಿಸಿದ್ದು ಸುದ್ದಿಯಾಗಿ, ಐರನ್‌ಮ್ಯಾನ್ ಎಂಬ ಪದ ಕನ್ನಡ ಪತ್ರಿಕೆಗಳಲ್ಲೂ ಕಾಣಿಸಿಕೊಂಡಿತು.

ಸಣ್ಣ ಊರುಗಳಲ್ಲಿ ಟ್ರಯಾಥ್ಲಾನ್ ಕ್ಲಬ್ಬು ಫಲಕ ಹಾಕಿಕೊಂಡು ಹುಟ್ಟುವುದಿಲ್ಲ. ಈಜುಕೊಳದಲ್ಲೊಂದು ಗುಂಪು, ಭಾನುವಾರದ ಸೈಕಲಿಗರದ್ದೊಂದು ಗುಂಪು, ಮೈದಾನ ಸುತ್ತುವ ಓಟಗಾರರದ್ದೊಂದು ಗುಂಪು ಇರುತ್ತವೆ. ಮೂರಕ್ಕೂ ಸೇರಿದ ಇಬ್ಬರು ಮೂವರು ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದಲ್ಲಿಗೆ ಕ್ಲಬ್ಬಿನ ಆರಂಭ. ಶನಿವಾರ ರಾತ್ರಿ ಮಾರ್ಗ, ಹೊರಡುವ ಹೊತ್ತು, ಹವಾಮಾನ ಕುರಿತ ಸಂದೇಶ. ಭಾನುವಾರ ಐದೂವರೆಗೆ ಕಣ್ಣು ಹೊಸಕಿಕೊಂಡು ಬರುವವರಲ್ಲಿ ವೈದ್ಯರು, ಬ್ಯಾಂಕಿನವರು, ಕಾಲೇಜು ಹುಡುಗರು, ತೋಟ ಇರುವವರು ಎಲ್ಲ ಬಗೆಯವರೂ ಇರುತ್ತಾರೆ. ಗುಂಪಿನ ವೇಗ ನಿರ್ಧರಿಸಬೇಕಾದವರು ಎಲ್ಲರಿಗಿಂತ ಹಿಂದಿರುವವರು. ಇದನ್ನು ಪಾಲಿಸುವ ಕ್ಲಬ್ಬಿನಲ್ಲಿ ಹೊಸಬರು ಮೂರನೆಯ ವಾರಕ್ಕೂ ಬರುತ್ತಾರೆ. ಪಾಲಿಸದ ಕಡೆ ಆರು ತಿಂಗಳಲ್ಲಿ ಹಳೆಯ ನಾಲ್ವರೇ ಉಳಿದು ತಮ್ಮತಮ್ಮಲ್ಲೇ ರೇಸು ಮಾಡುತ್ತಿರುತ್ತಾರೆ.

ಕ್ಲಬ್ಬಿನ ದೊಡ್ಡ ಉಪಕಾರ ಎರವಲು. ಹೊಸಬರು ಕೊಳ್ಳಲು ಹೊರಟ ಪ್ರತಿಯೊಂದು ವಸ್ತುವೂ ಯಾರದ್ದಾದರೂ ಮನೆಯ ಅಟ್ಟದಲ್ಲಿ ಬಿದ್ದಿರುತ್ತದೆ: ಅಳತೆ ತಪ್ಪಿದ ಕ್ಲಿಪ್ ಶೂ, ಎರಡು ಸಲ ಹಾಕಿ ಬಿಟ್ಟ ಟ್ರೈಸೂಟ್ ಎಂಬ ಮೂರೂ ಭಾಗಕ್ಕೆ ಒಂದೇ ಉಡುಗೆ, ಸೈಕಲನ್ನು ತುಂಬಿ ಒಯ್ಯುವ ಚೀಲ. ಒಂದು ತಿಂಗಳು ಎರವಲಿನಲ್ಲಿ ಕಳೆದವರು ಅರ್ಧ ಖರ್ಚಿನಲ್ಲಿ ಪಾರಾಗುತ್ತಾರೆ. ಹಳೆಯ ಸೈಕಲ್ ಕೈಬದಲಾಗುವುದೂ ಕ್ಲಬ್ಬಿನೊಳಗೇ. ಮಾರುವವರು ಬಿದ್ದದ್ದು ಎಲ್ಲಿ, ಫ್ರೇಮಿಗೆ ಪೆಟ್ಟಾದದ್ದು ಯಾವಾಗ ಎಂಬುದು ಜೊತೆಗಾರರಿಗೆಲ್ಲ ಗೊತ್ತಿರುವ ಕಾರಣ ಸುಳ್ಳು ಹೇಳುವುದು ಕಷ್ಟ. ಕೆಡುಕೂ ಇದೆ. ಒಬ್ಬರು ಕಾರ್ಬನ್ ಚಕ್ರ ಹಾಕಿಸಿದರೆ ಉಳಿದವರಿಗೆ ತಮ್ಮ ಚಕ್ರ ಭಾರವಾಗಿ ತೋರತೊಡಗುತ್ತದೆ. ಬೆಳಗಿನ ಸವಾರಿ ಮುಗಿಸಿ ಹೋಟೆಲಿನಲ್ಲಿ ಬನ್ಸ್, ಗೋಳಿಬಜೆ ತಿನ್ನುತ್ತ ಮುನ್ನೂರು ಗ್ರಾಂ ತೂಕ ಉಳಿಸುವ ಚರ್ಚೆ ನಡೆಯುವುದನ್ನು ಕೇಳಿಸಿಕೊಳ್ಳುವ ಹೋಟೆಲಿನವರಿಗೆ ಒಳಗೊಳಗೇ ನಗು ಬಂದರೆ ತಪ್ಪು ಹೇಳುವಂತಿಲ್ಲ.

ಕೊಯಿಲದ ಕಡೆಯವರು ಈಜಿನ ಅಭ್ಯಾಸಕ್ಕೆ ಹೋಗಬೇಕಾದದ್ದು ಪುತ್ತೂರಿಗೆ. ಪರ್ಲಡ್ಕದಲ್ಲಿ ಶಿವರಾಮ ಕಾರಂತರು ಬಾಳಿದ ಬಾಲವನದ ಆವರಣದಲ್ಲೇ ಈಜುಕೊಳವಿದೆ. ಮಕ್ಕಳ ಶಿಕ್ಷಣ, ನಾಟಕ, ಕುಣಿತಗಳ ಪ್ರಯೋಗ ನಡೆದ ಜಾಗದಲ್ಲಿ ಈಗ ಮಕ್ಕಳು ಸೀಟಿಯ ಸದ್ದಿಗೆ ನೀರಿಗೆ ಹಾರುತ್ತಾರೆ. ದೊಡ್ಡವರಾದ ಮೇಲೆ ಟ್ರಯಾಥ್ಲಾನ್‌ಗೆ ಬರುವವರಲ್ಲಿ ಬಹಳ ಮಂದಿಗೆ ತೊಡಕಾಗುವುದು ಈಜೇ. ಹೊಳೆಯಲ್ಲಿ ಕಲಿತವರಿಗೆ ನೀರಿನ ಹೆದರಿಕೆ ಇರುವುದಿಲ್ಲ, ಆದರೆ ತಲೆ ಮೇಲೆತ್ತಿಯೇ ಈಜುವ ಅಭ್ಯಾಸ. ತಲೆ ಎತ್ತಿದಷ್ಟೂ ಕಾಲು ಮುಳುಗುತ್ತದೆ, ಕಾಲು ಮುಳುಗಿದಷ್ಟೂ ನೀರು ಎದುರು ತಳ್ಳುತ್ತದೆ. ಮುಖ ನೀರೊಳಗಿಟ್ಟು ಬದಿಗೆ ತಿರುಗಿ ಉಸಿರೆಳೆಯುವುದನ್ನು ಕಲಿಯಲು ಕೊಳದ ಗೋಡೆ, ತಳದ ಕಪ್ಪು ಗೆರೆ, ನೋಡಿ ತಿದ್ದುವ ಕಣ್ಣು ಬೇಕು.

ಅಂಗಡಿಯವರು ಮೊದಲು ತೋರಿಸುವ, ಇಲ್ಲಿನವರಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವ ವಸ್ತು ವೆಟ್‌ಸೂಟ್. ತಣ್ಣೀರಿನ ದೇಶಗಳಿಗಾಗಿ ಮಾಡಿದ ಈ ರಬ್ಬರಿನ ಕವಚ ಮೈಯ ಬಿಸಿ ಕಾಯುತ್ತದೆ, ಅದಕ್ಕಿಂತ ಮುಖ್ಯವಾಗಿ ತೇಲಿಸುತ್ತದೆ, ಮುಳುಗುವ ಕಾಲನ್ನು ಮೇಲೆತ್ತುತ್ತದೆ. ಆದರೆ ವೃತ್ತಿಪರರಲ್ಲದವರ ಒಲಿಂಪಿಕ್ ದೂರದ ಸ್ಪರ್ಧೆಯಲ್ಲಿ ನೀರು 22 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿದ್ದರೆ ಅದನ್ನು ಹಾಕುವಂತಿಲ್ಲ. ಐರನ್‌ಮ್ಯಾನ್‌ನಲ್ಲಿ ಗಡಿ 24.5 ಡಿಗ್ರಿ. ನಮ್ಮ ಕಡಲು ಬಹುಪಾಲು ಕಾಲ 26ರಿಂದ 30 ಡಿಗ್ರಿಯ ನಡುವೆ ಇರುತ್ತದೆ. ಅಲ್ಲಿಗೆ ಸಾವಿರಾರು ರೂಪಾಯಿ ಉಳಿಯಿತು. ಕಾಲು ಮೇಲೆತ್ತುವ ಕೆಲಸವನ್ನು ಮಾತ್ರ ಸ್ವಂತ ಸೊಂಟವೇ ಮಾಡಬೇಕು. ತೊಡೆಗಳ ನಡುವೆ ಸಿಕ್ಕಿಸುವ ಪುಲ್ ಬಾಯ್ ಎಂಬ ಫೋಮಿನ ತುಂಡು ಇದೇ ಕೊರತೆಯನ್ನು ಮರೆಸುವ ಊರುಗೋಲು. ಅಭ್ಯಾಸದಲ್ಲಿ ಅದರ ಮೇಲೆ ಬಿದ್ದವರಿಗೆ ಸ್ಪರ್ಧೆಯ ದಿನ ಗೊತ್ತಾಗುತ್ತದೆ. ದುಡ್ಡು ಹಾಕಬೇಕಾದದ್ದು ಈಜಿನ ಕನ್ನಡಕಕ್ಕೆ. ಕಣ್ಣಿಗೆ ಒತ್ತಿ ಹಿಡಿದು ಪಟ್ಟಿ ಹಾಕದೆಯೇ ಎರಡು ಕ್ಷಣ ನಿಂತರೆ ಅಳತೆ ಸರಿ. ಮೂಡಣಕ್ಕೆ ಮುಖ ಮಾಡಿ ಈಜುವ ಬೆಳಗಿಗೆ ಬಣ್ಣದ ಗಾಜು, ಕೊಳದೊಳಗೆ ತಿಳಿಗಾಜು. ಹೆಂಗಸರಿಗೆ ಮೊಣಕಾಲಿನವರೆಗಿನ ಈಜುಡುಗೆ ಸುಲಭವಾಗಿ ಸಿಗುತ್ತದೆ, ಸೈಕಲಿಗೂ ಓಟಕ್ಕೂ ಅದನ್ನೇ ಮುಂದುವರಿಸುವಂಥ ಟ್ರೈಸೂಟುಗಳೂ ಇವೆ. ಮೈ ಉಜ್ಜುವ ಜಾಗಕ್ಕೆ ವ್ಯಾಸಲೀನ್. ಊರಿನವರು ತೆಂಗಿನೆಣ್ಣೆಯಲ್ಲೇ ಮುಗಿಸುತ್ತಾರೆ.

ಕೊಳದ ಈಜಿಗೂ ಹೊಳೆಯ ಈಜಿಗೂ ವ್ಯತ್ಯಾಸ ಬಹಳ. ಮಳೆ ಕಳೆದು ನೀರು ತಿಳಿಯಾದ ಮೇಲೆ, ಜನವರಿಯಿಂದೀಚೆ, ಕುಮಾರಧಾರೆ ನೋಡಲು ಸಾಧು. ಬಂಡೆಗಳ ನಡುವಿನ ಕಯಗಳಲ್ಲಿ ಮಾತ್ರ ಆಳ ಹಾಗೆಯೇ ಇರುತ್ತದೆ, ಮರಳು ತೆಗೆದಲ್ಲಿ ಮೊಣಕಾಲಿನ ನೀರು ಒಂದು ಹೆಜ್ಜೆಗೆ ತಲೆ ಮುಳುಗಿಸುವ ಗುಂಡಿಯಾಗುತ್ತದೆ. ಆ ಜಾಗ ಬಲ್ಲ ಊರವರೊಬ್ಬರು ದಡದಲ್ಲಿರದೆ ಇಳಿಯಬಾರದು. ಸೊಂಟಕ್ಕೆ ಕಟ್ಟಿ ಎಳೆದೊಯ್ಯುವ ಕಿತ್ತಳೆ ಬಣ್ಣದ ತೇಲುಚೀಲ, ಎದ್ದು ಕಾಣುವ ಟೊಪ್ಪಿ, ಕನಿಷ್ಠ ಮೂವರ ಜೊತೆ. ಇಷ್ಟು ಇದ್ದರೂ ಮೇ ತಿಂಗಳ ಗುಡುಗು ಕೇಳಿದ ಮೇಲೆ ಹೊಳೆಯ ಸಹವಾಸ ಸಾಕು. ಘಟ್ಟದಲ್ಲಿ ಸುರಿದ ಮಳೆ ಕೊಯಿಲದ ಬಿಸಿಲಿನಲ್ಲೇ ಕೆಂಪು ನೀರಾಗಿ ಇಳಿದು ಬರುತ್ತದೆ. ಜುಲೈಯಲ್ಲಿ ಕುಮಾರಧಾರೆ, ನೇತ್ರಾವತಿ ಎರಡೂ ಉಕ್ಕಿ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಮುಂದೆ ಕೂಡಿದರೆ ಅದನ್ನು ‘ಸಂಗಮ’ವೆಂದು ಜನ ನೋಡಲು ಸೇರುತ್ತಾರೆ.

ಸೈಕಲ್ ಭಾಗದಲ್ಲಿ ಹಣವೂ ತಪ್ಪುಗಳೂ ಹೆಚ್ಚು. ಕ್ಯಾಟಲಾಗಿನ ಕಣ್ಣು ಕುಕ್ಕುವ ಟಿಟಿ (ಟೈಮ್ ಟ್ರಯಲ್) ಬೈಕು ಗಾಳಿಯನ್ನು ಸೀಳಲು ಹುಟ್ಟಿದ್ದು. ನೆಟ್ಟಗಿನ, ಸಪಾಟು ಮಾರ್ಗದಲ್ಲಿ ಅದರ ಲಾಭವಿದೆ. ಕೊಯಿಲದ ಬಳಿಯ ಆತೂರಿನಿಂದ ಕಡಬದ ಕಡೆಗೆ ಹೊರಟವರಿಗೆ ಸಿಗುವುದು ಚಡವು, ಇಳಿಜಾರು, ತಿರುವು, ಸಂಕ, ಮತ್ತೆ ಚಡವು. ಮೊಣಕೈ ಊರಿ ಮಲಗಿದಂತೆ ಕೂರುವ ಭಂಗಿಯಲ್ಲಿ ಬ್ರೇಕು ಕೈಗೆ ದೂರ, ಬಸ್ಸು ಎದುರಿಗೆ. ಸಾಮಾನ್ಯ ರೋಡ್ ಬೈಕೇ ಇಲ್ಲಿಗೆ ಹೇಳಿ ಮಾಡಿಸಿದ್ದು. ಸ್ಪರ್ಧೆಗೆ ಮುನ್ನ ಬೇಕಾದರೆ ಮೊಣಕೈ ಊರಲು ಅದರ ಹ್ಯಾಂಡಲಿಗೆ ಬಿಗಿಯುವ ಏರೋ ಬಾರ್ ಸಾಕು. ಮೊದಲ ಸ್ಪ್ರಿಂಟ್ ಮುಗಿಸಲು ಹೈಬ್ರಿಡ್ ಸೈಕಲ್ಲೂ ನಡೆಯುತ್ತದೆ.

ಬಣ್ಣ, ಬ್ರಾಂಡುಗಳಿಗಿಂತ ಮೊದಲು ಫ್ರೇಮಿನ ಅಳತೆ, ಆಮೇಲೆ ಗಿಯರಿನ ಹಲ್ಲು ಎಣಿಸಬೇಕು. ಮುಂದಿನ ಸಣ್ಣ ಚಕ್ರಕ್ಕೆ 39, ಹಿಂದಿನ ದೊಡ್ಡದಕ್ಕೆ 25 ಹಲ್ಲಿರುವ ಹಳೆಯ ರೇಸಿಂಗ್ ಜೋಡಣೆಯಲ್ಲಿ ಪೆಡಲು ಒಂದು ಸುತ್ತು ಬಂದರೆ ಗಾಲಿ ಒಂದೂವರೆಗಿಂತ ಹೆಚ್ಚು ಸುತ್ತುತ್ತದೆ. ನಿಮಿಷಕ್ಕೆ 60 ಸಲ ತುಳಿದರೂ ವೇಗ ಗಂಟೆಗೆ 12 ಕಿ.ಮೀ. ಹತ್ತಿರ ಇರಲೇಬೇಕು. ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದಿಂದ ಬಿಸಿಲೆ ಘಾಟಿ ಏರುವಾಗ ಅಷ್ಟು ವೇಗ ಹೊಸಬರ ಕಾಲಿಗೆ ಬರುವುದಿಲ್ಲ. ತುಳಿತ ನಿಧಾನವಾಗಿ, ಭಾರವೆಲ್ಲ ಮಂಡಿಗೆ ಬೀಳುತ್ತದೆ. ಮುಂದೆ 34, ಹಿಂದೆ 34 ಇದ್ದರೆ ಅದೇ 60 ತುಳಿತಕ್ಕೆ ಗಂಟೆಗೆ ಏಳೂವರೆ ಕಿ.ಮೀ. ಸಾಕು, ಉಸಿರು ಕೈಗೆ ಸಿಗುತ್ತದೆ. ಹಿಂದಿನ ಗಿಯರು ಗುಚ್ಛ ಬದಲಿಸುವ ಖರ್ಚು ಕಾರ್ಬನ್ ಚಕ್ರದ ಬೆಲೆಯ ಒಂದು ಚೂರು. ಟಯರು 28 ಮಿಲಿಮೀಟರ್ ಅಗಲದ್ದಾದರೆ ಡಾಂಬರು ಎದ್ದ ಕಡೆಗಳಲ್ಲಿ ಬೆನ್ನು ಉಳಿಯುತ್ತದೆ. ಹಳೆಯವರ ಕಿಸೆಯಲ್ಲಿ ಎರಡು ಟ್ಯೂಬಿನ ಜೊತೆ ಒಂದು ಹಿತ್ತಾಳೆಯ ಚೂರು ಇರುತ್ತದೆ: ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಊರಿನ ಪಂಕ್ಚರ್ ಅಂಗಡಿಯ ಗಾಳಿ ಪೈಪು ಕೂರಿಸುವ ಅಡಾಪ್ಟರ್. ಬೆಲೆ ಚಹಾದ ಲೆಕ್ಕದ್ದು, ಅದಿಲ್ಲದೆ ಮಾರ್ಗದ ಬದಿಯಲ್ಲಿ ಕೂತವರು ಎಷ್ಟೋ.

ಹೊರಡುವುದು ಕತ್ತಲೆಗೆ, ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಆ ಹೊತ್ತಿಗೆ ಎಚ್ಚರವಿರುವ ಇನ್ನೊಂದು ವರ್ಗ ರಬ್ಬರು ಹಾಲು ತೆಗೆಯುವವರದು. ಹಣೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುವ ಅವರೂ ಹೆಲ್ಮೆಟ್ಟಿಗೆ ದೀಪ ಸಿಕ್ಕಿಸಿದ ಸವಾರರೂ ದೂರದಿಂದ ಒಂದೇ ತರಹ ಕಾಣುತ್ತಾರೆ. ನಾಯಿಗಳಿಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತು. ಶಿರಾಡಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಅಗಲವಾಗಿದ್ದರೂ ಲಾರಿಗಳ ಗಾಳಿಗೆ ಹೆದರಿ ಬುದ್ಧಿವಂತರು ಅತ್ತ ಸುಳಿಯುವುದಿಲ್ಲ. ಸುಬ್ರಹ್ಮಣ್ಯದ ಮಾರ್ಗವೂ ಚಂಪಾಷಷ್ಠಿಯ ದಿನಗಳಲ್ಲಿ, ಸಾಲು ರಜೆಗಳಲ್ಲಿ ಸೈಕಲಿಗೆ ಹೇಳಿದ್ದಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗೆ ಲೆಕ್ಕವೇ ಬೇರೆ. ಸೇತುವೆಯ ಅಂಚಿಗೆ, ನೆರಳಿನ ತಿರುವಿಗೆ ಪಾಚಿ ಹಿಡಿಯುತ್ತದೆ. ಗಾಲಿಯ ಅಂಚನ್ನು ಒತ್ತುವ ರಿಮ್ ಬ್ರೇಕು ಒದ್ದೆಯಾದರೆ ಒಂದೆರಡು ಸುತ್ತು ಕಳೆದೇ ಹಿಡಿಯುವುದು. ಇಲ್ಲಿ ಡಿಸ್ಕ್ ಬ್ರೇಕು ಶೋಕಿ ಎನಿಸುವುದಿಲ್ಲ. ಒಂದು ಮಳೆಯ ಸವಾರಿಗೆ ಚೈನಿನ ಎಣ್ಣೆ ತೊಳೆದುಹೋಗುತ್ತದೆ, ಎರಡು ದಿನ ಬಿಟ್ಟರೆ ತುಕ್ಕಿನ ಕಂದು. ಆದ್ದರಿಂದ ಹಲವರು ಸೈಕಲನ್ನು ಚಾವಡಿಯಲ್ಲೇ ಟ್ರೇನರ್ ಎಂಬ ಸ್ಟ್ಯಾಂಡಿಗೆ ಕಟ್ಟಿ ನಿಂತಲ್ಲೇ ತುಳಿಯುತ್ತಾರೆ. ಕಂಪ್ಯೂಟರ್ ಪರದೆಯಲ್ಲಿ ಆಲ್ಪ್ಸ್ ಏರಿಸುವ ದುಬಾರಿ ಟ್ರೇನರು ಗಾಳಿಮಳೆಗೆ ಕರೆಂಟು ಹೋದ ಕೂಡಲೇ ಪರ್ವತದ ನಡುವೆ ನಿಂತುಬಿಡುತ್ತದೆ, ಜೊತೆಗೆ ಫ್ಯಾನೂ. ವಿದ್ಯುತ್ ಬೇಡದ ಹಳೆಯ ಬಗೆಯ ಮ್ಯಾಗ್ನೆಟ್ ಟ್ರೇನರು ಈ ಸೀಮೆಗೆ ಸಮ. ಕೊಳದ ಈಜು ಮಳೆಯಲ್ಲೂ ನಡೆಯುತ್ತದೆ, ಸಿಡಿಲು ಇಲ್ಲದಿದ್ದರೆ.

ಓಟಕ್ಕೆ ಬೇಕಾದದ್ದು ಶೂ ಒಂದೇ ಎಂದು ಹೇಳುವುದು ವಾಡಿಕೆ. ಇಲ್ಲಿ ಎರಡು ಜೋಡಿ ಎನ್ನಬೇಕು. ಮಳೆ ಬಿಡದ ಆಟಿ ತಿಂಗಳಲ್ಲಿ ಒದ್ದೆಯಾದ ಶೂ ಒಳಗೆ ಹಳೆಯ ಪತ್ರಿಕೆ ತುರುಕಿಟ್ಟರೂ ಮರುದಿನಕ್ಕೆ ಒಣಗುವುದಿಲ್ಲ, ಮೂರನೆಯ ದಿನಕ್ಕೆ ಬೂಷ್ಟು. ಸಾಧಾರಣ ಬೆಲೆಯ ಎರಡು ಜೋಡಿ ಸರದಿಯಲ್ಲಿ ಹಾಕುವುದು ಕಾರ್ಬನ್ ಹಲಗೆಯ ಒಂದು ದುಬಾರಿ ಜೋಡಿಗಿಂತ ಮೇಲು. ಮುರಕಲ್ಲಿನ ಗುಡ್ಡದ ದಾರಿಗಳಲ್ಲಿ ಓಡುವವರಿಗೆ ಅಡಿ ಗಟ್ಟಿಯಿರಬೇಕು, ಹಿಡಿತವಿರಬೇಕು. ಅಭ್ಯಾಸದಲ್ಲಿ ‘ಬ್ರಿಕ್’ ಎನ್ನುವುದು ಸೈಕಲಿಂದ ಇಳಿದ ಕೂಡಲೇ ಓಡುವುದಕ್ಕೆ. ಮೊದಲ ಐದು ನಿಮಿಷ ಕಾಲುಗಳು ಬೇರೆಯವರದ್ದೆನಿಸುತ್ತವೆ, ಮೂರು ನಾಲ್ಕು ವಾರದಲ್ಲಿ ಅವು ಮರಳಿ ಸಿಗುತ್ತವೆ. ಓಟದ ಮಾತೆತ್ತಿದರೆ ಈ ಕಡೆ ಕಂಬಳದ ಹೆಸರು ಬಾರದಿರದು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಉಸೇನ್ ಬೋಲ್ಟ್ ಹೋಲಿಕೆ ದೇಶವೆಲ್ಲ ಹಬ್ಬಿತು. ಕೋಣಗಳ ಎಳೆತವನ್ನು ಲೆಕ್ಕಕ್ಕೆ ತಾರದ ಆ ಹೋಲಿಕೆಯಿಂದ ಕಂಬಳಕ್ಕೂ ನ್ಯಾಯ ಸಿಗಲಿಲ್ಲ, ಬೋಲ್ಟ್‌ಗೂ ಸಿಗಲಿಲ್ಲ. ಹದಿಮೂರು ಸೆಕೆಂಡಿನ ಸಿಡಿತವೂ ಮೂರು ಗಂಟೆಯ ಸಹನೆಯೂ ಸ್ನಾಯುವಿಗೆ ಬೇರೆ ಬೇರೆ ವಿದ್ಯೆ.

ಸಹನೆಯನ್ನು ಕರಗಿಸುವುದು ಇಲ್ಲಿನ ಸೆಕೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರದೆ ಹನಿಯಾಗಿ ಬೀಳುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಯಾರಿಗೆ ಎಷ್ಟು ನೀರು ಬೇಕೆಂದು ತಿಳಿಯಲು ಮನೆಯ ತೂಕದ ಯಂತ್ರ ಸಾಕು. ಒಂದು ಗಂಟೆ ಓಡುವ ಮೊದಲು, ಓಡಿದ ಮೇಲೆ ಮೈ ಒರೆಸಿ ತೂಗಿದರೆ ಕಡಿಮೆಯಾದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಲೀಟರು ಬೆವರು. ನಡುವೆ ಕುಡಿದದ್ದಿದ್ದರೆ ಅದನ್ನೂ ಕೂಡಿಸಬೇಕು. ಪೊಟ್ಟಣದ ಜೆಲ್ಲು ಸ್ಪರ್ಧೆಯ ದಿನಕ್ಕೆ ಅನುಕೂಲ. ಉಳಿದಂತೆ ಬೊಂಡ, ಉಪ್ಪು ಬೆರೆಸಿದ ಪುನರ್ಪುಳಿ ಶರಬತ್ತು, ನೇಂದ್ರ ಬಾಳೆಹಣ್ಣು ಆ ಕೆಲಸ ಮಾಡುತ್ತವೆ. ಓಟ ಮುಗಿಸಿ ಮನೆಗೆ ಬಂದವರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ.

ಕೊಯಿಲದ ನೀರು ಹೋದ ದಾರಿಯಲ್ಲೇ ಹೋದರೆ ಕೊನೆಗೆ ಸಿಗುವುದು ಮಂಗಳೂರಿನ ಕಡಲು. ಅಳಿವೆಯ ಬಡಗಿಗೆ, ಗುರುಪುರ ನದಿಗೂ ಸಮುದ್ರಕ್ಕೂ ನಡುವಿನ ಮರಳಿನ ಪಟ್ಟಿಯ ಮೇಲಿರುವ ತಣ್ಣೀರುಬಾವಿಯಲ್ಲಿ ಈಚಿನ ವರ್ಷಗಳಲ್ಲಿ ಟ್ರಯಾಥ್ಲಾನ್ ನಡೆದಿದೆ. ಸಮುದ್ರ ಶಾಂತವಿರುವ, ಸೆಕೆ ಏರದ ತಿಂಗಳುಗಳೇ ಇದಕ್ಕೆ ಹೊಂದುವುದು. ಹೊಳೆಯಲ್ಲಿ ಪಳಗಿದವರಿಗೂ ಕಡಲು ಹೊಸದು. ಉಪ್ಪುನೀರು ಮೈಯನ್ನು ಹೆಚ್ಚು ತೇಲಿಸುತ್ತದೆ, ಅಷ್ಟು ದಾಕ್ಷಿಣ್ಯ. ಆದರೆ ಕೊಳದ ತಳದ ಕಪ್ಪು ಗೆರೆ ಇಲ್ಲಿಲ್ಲ. ಹತ್ತು ಕೈಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ಗುರುತಿಗೆ ತೇಲಿಸಿದ ಬುರುಡೆ ಎಲ್ಲಿದೆಯೆಂದು ನೋಡದಿದ್ದರೆ ಸೆಳೆತ ಬದಿಗೆ ಒಯ್ದು 1.5 ಕಿ.ಮೀ. ಈಜು ಎರಡಾಗುತ್ತದೆ.

ದಡ ಹತ್ತಿದ ಮೇಲೆ ಸೈಕಲ್ ನಿಲ್ಲಿಸಿದ ಜಾಗದಲ್ಲಿ ಜಾಣತನ ಬೇಕು. ಹಿಂದಿನ ರಾತ್ರಿಯೇ ಒಂದು ಟವಲು ಹಾಸಿ ಹೆಲ್ಮೆಟ್ಟು ಮಗುಚಿ, ಅದರೊಳಗೆ ಕನ್ನಡಕ, ಪಕ್ಕದಲ್ಲಿ ಶೂ, ಶೂ ಒಳಗೆ ಕಾಲುಚೀಲ, ನಂಬರಿನ ಬೆಲ್ಟು ಹೀಗೆ ಸಾಲಾಗಿ ಜೋಡಿಸುವುದನ್ನು ಮನೆಯಂಗಳದಲ್ಲೇ ನಾಲ್ಕು ಸಲ ಮಾಡಿ ನೋಡಿದವರಿಗೆ ಒಂದು ನಿಮಿಷ ಉಳಿಯುತ್ತದೆ. ಅಷ್ಟು ಸಮಯವನ್ನು ಸೈಕಲಿನ ಬೆಲೆಯಲ್ಲಿ ಕೊಳ್ಳಲು ಹೊರಟರೆ ಲಕ್ಷದ ಮಾತು. ಹೆಲ್ಮೆಟ್ಟಿನ ಕೊಂಡಿ ಹಾಕುವ ಮೊದಲು ಸೈಕಲ್ ಮುಟ್ಟಿದರೆ ದಂಡ. ಐರನ್‌ಮ್ಯಾನ್ ಬಗೆಯ ಸ್ಪರ್ಧೆಗಳಲ್ಲಿ ಮುಂದಿನ ಸವಾರರ ಗಾಳಿಮರೆಯಲ್ಲಿ ಹೋಗುವಂತಿಲ್ಲ, ವೃತ್ತಿಪರರಲ್ಲದವರು ಹನ್ನೆರಡು ಮೀಟರು ಅಂತರ ಬಿಡಬೇಕು. ಸದಾ ಗುಂಪಿನ ನಡುವೆಯೇ ತುಳಿದು ರೂಢಿಯಾದವರಿಗೆ ಆ ಹನ್ನೆರಡು ಮೀಟರಿನಲ್ಲಿ ಎದುರುಗಾಳಿ ಮೊದಲ ಬಾರಿ ಪರಿಚಯವಾಗುತ್ತದೆ. ಕ್ಲಬ್ಬಿನ ಸವಾರಿಗಳಲ್ಲಿ ತಿಂಗಳಿಗೊಂದನ್ನಾದರೂ ಒಬ್ಬೊಬ್ಬರೇ ಬಿಡಿಬಿಡಿಯಾಗಿ ಹೋಗುವಂತೆ ಇಡುವುದು ಇದಕ್ಕಾಗಿ.

ಸ್ಪರ್ಧೆ ಮುಗಿದ ಸಂಜೆ ಘಟ್ಟದ ಬುಡಕ್ಕೆ ಮರಳುವವರ ಸೈಕಲಿನ ಮೇಲೆ ಬಿಳಿ ಉಪ್ಪು ಕೂತಿರುತ್ತದೆ. ಪದಕದ ಫೋಟೊ ಹಂಚುವುದಕ್ಕೆ ಮೊದಲು ಬಾವಿಯ ನೀರಿನಲ್ಲಿ ಅದನ್ನು ನಿಧಾನವಾಗಿ ತೊಳೆಯಬೇಕು. ಪೈಪಿನ ರಭಸದ ನೀರು ಬೇರಿಂಗಿನೊಳಗೆ ಉಪ್ಪನ್ನು ತಳ್ಳುತ್ತದೆ. ಸೀಟಿನ ಕಂಬ ಕಳಚಿ ಸೈಕಲನ್ನು ತಲೆಕೆಳಗು ಮಾಡಿದರೆ ಫ್ರೇಮಿನೊಳಗೆ ನಿಂತ ನೀರು ಇಳಿಯುತ್ತದೆ. ಬಟ್ಟೆಯಲ್ಲಿ ಒರೆಸಿ, ಚೈನು ಒಣಗಿದ ಮೇಲೆ ಕೊಂಡಿಗೊಂದು ಹನಿ ಎಣ್ಣೆ. ಕನ್ನಡಕ, ಟ್ರೈಸೂಟು ಸಿಹಿನೀರಿನಲ್ಲಿ ಅದ್ದಿ ನೆರಳಿನಲ್ಲಿ ಹರಡುವುದು. ಎರವಲು ತಂದ ಏರೋ ಬಾರನ್ನು ಕಳಚಿ, ಒರೆಸಿ, ಮುಂದಿನ ಭಾನುವಾರ ಕೊಡಲೆಂದು ಚೀಲದಲ್ಲಿಟ್ಟರೆ ಆಯಿತು.